ಇಪ್ಪತ್ನಾಲ್ಕು ಬಾಟಲಿಗಳ ಪಂಕ್ತಿ

ಕ್ರೋಂಪೇಟೆ, ಚೆನ್ನೈ
ಸೋಮವಾರ, ೮ ಜುಲೈ ೨೦೨೪

ದಂತವೈದ್ಯೆ, ಐದೂವರೆ ವರ್ಷಗಳಿಂದ ಪಿಎಚ್.ಡಿ. ಎಂಬ ಘೋರ ತಪಸ್ಸಿನಲ್ಲಿ ಕುಳಿತಿರುವ ನನ್ನ ಒಡಹುಟ್ಟಿದ ಅಕ್ಕ ಮಧುರಾ ಅವರ ಸನ್ನಿಧಾನಕ್ಕೆ,

ವಿಷಯ: ಬಾಯಿ ಮುಕ್ಕಳಿಸುವ ಮಹಾಕಾರ್ಯದ ಶುಭಾರಂಭ.
ಉಲ್ಲೇಖ: ತಾವು ಮೊನ್ನೆ ಫೋನಿನಲ್ಲಿ ಕಿರುಚಿದ್ದು.

"ಪ್ರಯೋಗದ ಬಗ್ಗೆ ಏನೇ ಇದ್ದರೂ ಕಾಗದದ ಮೇಲೆ ಬರಿ, ತಾರೀಖು ಹಾಕು, ಸಹಿ ಮಾಡು. ವಾಟ್ಸಾಪಿನಲ್ಲಿ ಬಂದದ್ದು ನನ್ನ ಪಾಲಿಗೆ ನಡೆದೇ ಇಲ್ಲ" ಎಂದು ತಾವು ಅಪ್ಪಣೆ ಕೊಡಿಸಿದ್ದಿರಿ. ಅದರಂತೆ ಈ ಪತ್ರವನ್ನು ಎಂಜಲಿನ ಶೀಶೆಗಳ ಜೊತೆ ಐಸ್ ಡಬ್ಬಿಯಲ್ಲಿಟ್ಟು, ಸೋಮವಾರದ ಮೊದಲ ಕ್ಲಾಸನ್ನು ಭಾರವಾದ ಹೃದಯದಿಂದ ತ್ಯಜಿಸಿ, ಲೋಕಲ್ ಟ್ರೈನಿನಲ್ಲಿ ಎಗ್ಮೋರಿನವರೆಗೆ ಹೊತ್ತು ತಂದು ನಿಮ್ಮ ಲ್ಯಾಬಿನ ಕಿಟಕಿಗೆ ಒಪ್ಪಿಸುತ್ತಿದ್ದೇನೆ. ಇದನ್ನು ಟ್ರೈನಿನಲ್ಲೇ ಸೇರಿಸುತ್ತಿದ್ದೇನೆ: ಪಕ್ಕದಲ್ಲಿ ಕೂತವರು ಡಬ್ಬಿ ನೋಡಿ "ಎನ್ನ ತಂಬಿ, ಮೀನಾ?" ಅಂದರು. ಇಪ್ಪತ್ನಾಲ್ಕು ಅಜ್ಜಿಯರ ಎಂಜಲು ಅಂತ ಸತ್ಯ ಹೇಳಿದೆ. ಇಡೀ ಬೆಂಚು ನನಗೇ ಸಿಕ್ಕಿತು.

ನಿನ್ನೆ ಸಂಜೆ ಲೀಲಮ್ಮತ್ತೆ ಮನೆಯ ಹಾಲ್‌ನಲ್ಲಿ ಭಜನಾ ಮಂಡಳಿಯ ಇಪ್ಪತ್ನಾಲ್ಕು ಸದಸ್ಯೆಯರೂ ಹಾಜರು. ಎಲ್ಲರಿಗೂ ಅರವತ್ತು ದಾಟಿದೆ, ಎಲ್ಲರಿಗೂ ಹಲ್ಲಿನ ಸೆಟ್ಟಿದೆ. ಅತ್ತೆಗೆ ಮಾತ್ರ ಎಪ್ಪತ್ತೆರಡಕ್ಕೂ ಸ್ವಂತ ಹಲ್ಲು, ಆದ್ದರಿಂದ ಅವರು ಅಧ್ಯಕ್ಷೆ. ನಿಮ್ಮ ಒಪ್ಪಿಗೆ ಪತ್ರವನ್ನು ನಾನು ಕನ್ನಡಕ್ಕೆ ತಿರುಗಿಸಿ, ಎದ್ದು ನಿಂತು, ಆಕಾಶವಾಣಿಯ ಧ್ವನಿಯಲ್ಲಿ ಓದಿದೆ: ಹಲ್ಲಿನ ಸೆಟ್ಟಿನ ಕೆಳಗೆ ಬೂಷ್ಟಿನ ಜಾತಿಯ ಒಂದು ಸೂಕ್ಷ್ಮಜೀವಿ ಬೆಳೆಯುತ್ತದೆ. ಸೀಬೆ ಎಲೆಯ ಸಾರ ಅದನ್ನು ಕೊಲ್ಲುತ್ತದೆಯೇ ಎಂದು ನೋಡಬೇಕಿದೆ. ಹನ್ನೆರಡು ಜನರ ಬಾಟಲಿಯಲ್ಲಿ ಔಷಧಿ, ಉಳಿದ ಹನ್ನೆರಡು ಜನರದರಲ್ಲಿ ಅದೇ ಬಣ್ಣದ, ಅದೇ ಪುದೀನ ವಾಸನೆಯ ಬರೀ ನೀರು. ಯಾರಿಗೆ ಯಾವುದು ಎಂದು ಮಧುರಾಗೂ ಗೊತ್ತಿರುವುದಿಲ್ಲ.

ಅತ್ತೆ ಕೈಯೆತ್ತಿದರು. "ನಿಲ್ಲಿಸೋ. ಅರ್ಧ ಜನಕ್ಕೆ ನೀರಾ?"

"ಹೌದತ್ತೆ. ವಿಜ್ಞಾನ."

"ನನ್ನ ಮನೇಲಿ ಪಂಕ್ತಿ ಕೂರಿಸಿ, ಒಂದು ಎಲೆಗೆ ಪಾಯಸ, ಪಕ್ಕದ ಎಲೆಗೆ ಬಣ್ಣದ ನೀರು ಬಡಿಸೋದಾ? ಇದಕ್ಕೆ ಪಂಕ್ತಿಭೇದ ಅಂತಾರೆ. ವಿಜ್ಞಾನ ಅಂತೆ, ವಿಜ್ಞಾನ!"

ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಟ್ಟನೆ "ಎಲ್ಲರೂ ಸಹಿ ಹಾಕ್ರೇ" ಅಂದರು. ಹಾಕಿದರು. ಬಾಟಲಿಗಳನ್ನು ಅತ್ತೆಯೇ ದೇವರ ಮನೆಯಲ್ಲಿಟ್ಟು ಬೀಗ ಹಾಕಿದ್ದಾರೆ.

ಇಂತಿ ತಮ್ಮ ವಿಧೇಯ ಎಂಜಲುವಾಹಕ,
ಪ್ರಮೋದ್

*

ಎಗ್ಮೋರ್
೧೫ ಜುಲೈ ೨೦೨೪

ಲೋ ಪ್ರಮೋದ,

ಖಾಲಿ ಡಬ್ಬಿಯ ಜೊತೆ ಈ ಕಾಗದ ಬರುತ್ತಿದೆ. ಓದು. ಎರಡು ಸಲ ಓದು.

ಒಂಬತ್ತನೆ ಶೀಶೆಯಲ್ಲಿ ಎಂಜಲಿಗಿಂತ ಕಾಫಿಯೇ ಜಾಸ್ತಿ ಇದೆ. ಹದಿನಾಲ್ಕರಲ್ಲಿ ಒಂದು ಇಡೀ ಏಲಕ್ಕಿ. ಇಪ್ಪತ್ತನೆಯದಕ್ಕೆ ಯಾರೋ ಅರಿಶಿನ ಕುಂಕುಮ ಹಚ್ಚಿದ್ದಾರೆ! ಬೆಳಿಗ್ಗೆ ಹಲ್ಲುಜ್ಜುವ ಮೊದಲು, ಏನನ್ನೂ ತಿನ್ನದೆ ಕುಡಿಯದೆ ಉಗುಳಬೇಕು ಅಂತ ಕನ್ನಡದಲ್ಲೇ ಬರೆದುಕೊಟ್ಟಿದ್ದೆನಲ್ಲ? ನಿನ್ನ ಆಕಾಶವಾಣಿಯಲ್ಲಿ ಅದು ಪ್ರಸಾರವಾಗಲಿಲ್ಲವಾ?

ಅತ್ತೆಗೆ ಸಮಾಧಾನವಾಗಿ ಹೇಳು. ಎಲ್ಲರಿಗೂ ಔಷಧಿ ಕೊಟ್ಟು, ಎಲ್ಲರ ಬಾಯಲ್ಲೂ ಜೀವಿ ಕಡಿಮೆಯಾದರೆ, ಅದು ಔಷಧಿಯಿಂದಲೋ ಬರೀ ಮುಕ್ಕಳಿಸಿದ್ದರಿಂದಲೋ ಅಂತ ಹೇಗೆ ಗೊತ್ತಾಗುತ್ತದೆ? ನೀರಿನವರು ಇದ್ದರೇ ಔಷಧಿಯವರಿಗೆ ಬೆಲೆ. ಇದು ಊಟವಲ್ಲ, ಹೋಲಿಕೆ.

ಇನ್ನೊಂದನ್ನು ನೀನು ತಮಾಷೆ ಮಾಡದೆ ತಲೆಗೆ ಹಾಕಿಕೋ. ಮೊದಲ ಮೂರು ವರ್ಷದ ಜೀವಿಗಳ ಸಂಗ್ರಹ ಹೋದ ಡಿಸೆಂಬರಿನ ಮಳೆಯಲ್ಲಿ ಕರೆಂಟು ಹೋಗಿ, ಫ್ರೀಜರಿನಲ್ಲೇ ಕೊಳೆತುಹೋಯಿತು. ಮತ್ತೆ ಶುರು ಮಾಡಿದೆ. ೨೦೨೫ರ ಏಪ್ರಿಲ್ ೩೦ಕ್ಕೆ ಪ್ರಬಂಧ ಒಪ್ಪಿಸದಿದ್ದರೆ ನನ್ನ ನೋಂದಣಿ ರದ್ದು. ಇನ್ನು ವಾಯಿದೆ ಇಲ್ಲ. ಉಳಿದ ಅಧ್ಯಾಯಗಳೆಲ್ಲ ಮುಗಿದಿವೆ. ಬಾಕಿ ಇರುವುದು ನಿನ್ನ ಈ ಇಪ್ಪತ್ನಾಲ್ಕು ಬಾಯಿಗಳು ಮಾತ್ರ.

ಪ್ರತಿ ವಾರ ಒಬ್ಬೊಬ್ಬರನ್ನೂ ಕೇಳು: ಬಾಯಲ್ಲಿ ಉರಿ ಇದೆಯೇ, ಹುಣ್ಣು ಇದೆಯೇ? ಇದ್ದವರನ್ನು ಪ್ರಯೋಗದಿಂದ ಹೊರಗೆ ತರಬೇಕು.

ಮಧುರಾ

*

ಕ್ರೋಂಪೇಟೆ
೨೯ ಜುಲೈ ೨೦೨೪

ಮಹಾಸ್ವಾಮಿನಿಯವರೇ,

ತಮ್ಮ ಅಪ್ಪಣೆ ಶಿರಸಾ ಪಾಲಿಸಿದ್ದೇನೆ. ಕಾಫಿಗೆ ನಿಷೇಧ, ಏಲಕ್ಕಿಗೆ ಗಡೀಪಾರು. ಕುಂಕುಮ ಹಚ್ಚಿದವರು "ಶುಭಕಾರ್ಯ ಅಲ್ಲವೇನಪ್ಪಾ" ಎಂದರು; ಇನ್ನು ಮುಚ್ಚಳಕ್ಕೆ ಮಾತ್ರ ಎಂದು ಒಪ್ಪಂದವಾಗಿದೆ.

"ಉರಿ ಇದೆಯೇ?" ಎಂದು ಹಾಲಿನ ಮಧ್ಯೆ ನಿಂತು ಕೇಳಿದೆ. ಇಪ್ಪತ್ನಾಲ್ಕು ಕಂಠಗಳಿಂದ ಒಂದೇ ಶ್ರುತಿಯಲ್ಲಿ "ಇಲ್ಲಾ" ಬಂತು. ಇಪ್ಪತ್ನಾಲ್ಕು 'ಇಲ್ಲ' ಗುರುತು ಹಾಕಿದ್ದೇನೆ. ಇಂಥ ಒಗ್ಗಟ್ಟನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ಎಲ್ಲರ ಬಾಟಲಿಯೂ ಒಂದೇ ರುಚಿಯಂತೆ, ಒಂದೇ ಒಗರಂತೆ. ಅತ್ತೆಯಂತೂ ನಿನ್ನ ಬಗ್ಗೆ ಬಹಳ ಪ್ರೀತಿಯಿಂದ ಮಾತಾಡುತ್ತಿದ್ದಾರೆ. ಇದು ಕೂಡ ಅಪರೂಪವೇ.

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಕಾಗದದಲ್ಲಿ ಜಾಗ ಸಾಲದು.

ಇಂತಿ,
ಪ್ರಮೋದ್

*

ಎಗ್ಮೋರ್
೧೨ ಆಗಸ್ಟ್ ೨೦೨೪

ಪ್ರಮೋದ,

ಜಾಗ ಸಾಲದು ಅಂತ ಬರೆದ ಕೆಳಗೇ ಅರ್ಧ ಪುಟ ಖಾಲಿ ಬಿಟ್ಟಿದ್ದೀಯಲ್ಲೋ! ಏನದು? ನಿನ್ನೆ ಫೋನಿನಲ್ಲಿ ಕೇಳಿದರೆ "ಏನಿಲ್ಲ ವಿಡು ಅಕ್ಕಾ" ಅಂತ ತಮಿಳಿಗೆ ಹಾರಿದೆ. ಸುಳ್ಳು ಹೇಳುವಾಗಲೆಲ್ಲ ನೀನು ತಮಿಳಿಗೆ ಹಾರುತ್ತೀಯ, ಐದನೇ ಕ್ಲಾಸಿನಿಂದ ನೋಡಿದ್ದೇನೆ.

ಇರಲಿ, ಇವತ್ತು ಬೈಯುವ ಮನಸ್ಸಿಲ್ಲ. ಪ್ಲೇಟುಗಳಲ್ಲಿ ಬಿಳಿ ಚುಕ್ಕೆಗಳು ಕಡಿಮೆಯಾಗುತ್ತಿವೆ ಕಣೋ. ಒಂದೊಂದು ಚುಕ್ಕೆ ಅಂದರೆ ಒಂದೊಂದು ಜೀವಿಯಿಂದ ಬೆಳೆದ ಗುಂಪು. ಜುಲೈನಲ್ಲಿ ಇನ್ನೂರು ಎಣಿಸಿದ ಕಡೆ ಈಗ ನೂರಹತ್ತು, ನೂರು. ಯಾರು ಔಷಧಿಯವರು, ಯಾರು ನೀರಿನವರು ಗೊತ್ತಿಲ್ಲ, ಆದರೆ ಯಾರಿಗೋ ಕೆಲಸ ಮಾಡುತ್ತಿದೆ! ನನ್ನ ಗೈಡ್ ಮುರಳೀಧರ ಸರ್ ಪ್ಲೇಟನ್ನು ಬೆಳಕಿಗೆ ಹಿಡಿದು "ಪರವಾಯಿಲ್ಲೈಯೇ" ಅಂದರು. ಅವರ ಬಾಯಿಂದ ಅದು ಭಾರತರತ್ನ.

ಮಧುರಾ

*

ಎಗ್ಮೋರ್
೧೨ ಸೆಪ್ಟೆಂಬರ್ ೨೦೨೪

ಪ್ರಮೋದ,

ಯಾವ ಬಾಟಲಿಯಲ್ಲಿ ಏನಿತ್ತು ಎಂಬ ಮುಚ್ಚಿದ ಪಟ್ಟಿಯನ್ನು ನಿನ್ನೆ ಒಡೆದರು. ಔಷಧಿಯವರಲ್ಲಿ ಜೀವಿಗಳು ಅರ್ಧಕ್ಕೆ ಇಳಿದಿವೆ. ನೀರಿನವರಲ್ಲೂ ಅರ್ಧಕ್ಕೆ ಇಳಿದಿವೆ. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಅಂದರೆ ನನ್ನ ಸೀಬೆ ಎಲೆಯೂ ಒಂದೇ, ನಲ್ಲಿ ನೀರೂ ಒಂದೇ. ಲ್ಯಾಬಿನ ಗಾಜಿನ ಕೊಳವೆಯಲ್ಲಿ ನೂರು ಸಲ ಸತ್ತ ಜೀವಿ ಮನುಷ್ಯರ ಬಾಯಲ್ಲಿ ನನ್ನ ಮಾತೇ ಕೇಳಲಿಲ್ಲ.

ಸರ್ "ಇದೂ ಒಂದು ಫಲಿತಾಂಶವೇ, ಹಾಗೇ ಬರಿ" ಅಂದರು. ಬರೆಯುತ್ತೇನೆ. ಐದೂವರೆ ವರ್ಷ ಆಯಿತು, ಏನೂ ಆಗಲಿಲ್ಲ ಅಂತ ಬರೆಯುತ್ತೇನೆ.

ಅಜ್ಜಿಯರಿಗೆಲ್ಲ ನನ್ನ ಪರವಾಗಿ ಥ್ಯಾಂಕ್ಸ್ ಹೇಳು. ನಿನಗೂ.

ಮಧುರಾ

*

ಕ್ರೋಂಪೇಟೆ
೧೩ ಸೆಪ್ಟೆಂಬರ್ ೨೦೨೪

ಅಕ್ಕಾ,

ವಿಷಯ: ಎಂದು ಬರೆದು ಹತ್ತು ನಿಮಿಷ ಕೂತಿದ್ದೆ. ಬಿಟ್ಟೆ.

ನಿನ್ನ ಔಷಧಿ ಸೋತಿಲ್ಲ. ನೀರಿನ ಬಾಟಲಿಗಳಲ್ಲಿ ನೀರಿರಲಿಲ್ಲ. ಸಹಿ ಹಾಕಿದ ಮಾರನೆ ದಿನ ಅತ್ತೆ ರಾಮನವಮಿಗೆ ಪಾನಕ ಕಲಸುವ ದೊಡ್ಡ ಪಾತ್ರೆ ಇಳಿಸಿದರು. ಇಪ್ಪತ್ನಾಲ್ಕು ಬಾಟಲಿಗಳನ್ನೂ ಅದರೊಳಗೆ ಸುರಿದರು. ಕಲಸಿ, ಮತ್ತೆ ಅಳತೆ ಮಾಡಿ, ಅವೇ ಬಾಟಲಿಗಳಿಗೆ ತುಂಬಿದರು. ಆಗಸ್ಟಿನಲ್ಲಿ ಬಂದ ಎರಡನೆ ಕಂತಿಗೂ ಹಾಗೇ ಮಾಡಿದರು. ಎರಡು ತಿಂಗಳೂ ಎಲ್ಲರೂ ಮುಕ್ಕಳಿಸಿದ್ದು ಒಂದೇ ಅರ್ಧಂಬರ್ಧ ಔಷಧಿ.

ಎರಡೂ ಸಲ ಸೌಟು ತಿರುಗಿಸಿದವನು ನಾನು.

"ಸಮಪಾಲು ಸಮಬಾಳು" ಅಂತ ಭಾಷಣ ಮಾಡುತ್ತಾ ತಿರುಗಿಸಿದೆ, ಅಜ್ಜಿಯರೆಲ್ಲ ಬಿದ್ದು ಬಿದ್ದು ನಕ್ಕರು. ಹೋಲಿಕೆ ಕೆಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ ಅಂದರೆ ಅದೂ ಸುಳ್ಳು. ಪೂರ್ತಿ ಗೊತ್ತಿರಲಿಲ್ಲ. ನಿನಗೆ ಬರೆಯಬಾರದು ಅನ್ನುವಷ್ಟು ಗೊತ್ತಿತ್ತು. ನೀನು ಚುಕ್ಕೆ ಕಡಿಮೆಯಾಯಿತು ಅಂತ ಸಂತೋಷದಿಂದ ಬರೆದ ಮೇಲಂತೂ ಬಾಯಿ ಬಿಡಲು ಧೈರ್ಯ ಬರಲಿಲ್ಲ.

ಪ್ರಮೋದ್

*

ಎಗ್ಮೋರ್
೧೪ ಸೆಪ್ಟೆಂಬರ್ ೨೦೨೪

ಪ್ರಮೋದ್,

ಪಾನಕದ ಪಾತ್ರೆ.

ಇದನ್ನು ನಾನು ಸರ್‌ಗೆ ಹೇಳಬೇಕು. ನೈತಿಕ ಸಮಿತಿಗೆ ಬರೆದುಕೊಡಬೇಕು. ಆ ಹಾಳೆಯ ಮೇಲೆ 'ಪಾನಕದ ಪಾತ್ರೆ' ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಲಿ, ಹೇಳು.

ನೀನು ಕಾಗದ ಬರೆಯಬೇಡ. ಲ್ಯಾಬಿನ ಕಿಟಕಿಗೂ ಬರಬೇಡ. ಅತ್ತೆಗೂ ಹೇಳು.

ಮಧುರಾ

*

ಕ್ರೋಂಪೇಟೆ
೨೧ ಅಕ್ಟೋಬರ್ ೨೦೨೪

ಚಿ. ಮಧುರಾಳಿಗೆ ಲೀಲತ್ತೆಯ ಆಶೀರ್ವಾದಗಳು.

ನವರಾತ್ರಿಗೆ ನೀನು ಬರಲಿಲ್ಲ. ಬೊಂಬೆ ನೋಡಲು ಬಂದವರೆಲ್ಲ ಕೇಳಿದರು. ಪರೀಕ್ಷೆ ಎಂದೆ. ಈ ವಯಸ್ಸಿಗೆ ಇನ್ನೆಂಥ ಪರೀಕ್ಷೆ ಎಂದರು. ನಾನು ಮಾತು ಬದಲಾಯಿಸಿದೆ.

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ನನಗೆ ನಿನ್ನ ಒಪ್ಪಿಗೆ ಪತ್ರ ಅರ್ಥವಾಗಲಿಲ್ಲ ಎಂದುಕೊಳ್ಳಬೇಡ. ಅರ್ಥವಾಯಿತು. ಒಪ್ಪಿಗೆಯಾಗಲಿಲ್ಲ, ಅಷ್ಟೆ. ಒಪ್ಪಿಗೆಯಾಗದಿದ್ದರೆ ನಿನ್ನ ಮುಖಕ್ಕೇ ಹೇಳಬೇಕಾಗಿತ್ತು. ಸಹಿ ಹಾಕಿಸಿ ಹಿಂದಿನಿಂದ ಕಲಸಿದ್ದು ನನ್ನ ತಪ್ಪು. ಪ್ರಮೋದನನ್ನು ಬೈಯಬೇಡ. ನಾನು ಕರೆದೆ, ಅವನು ಬಂದ. ಈಗ ಊಟಕ್ಕೆ ಕೂತರೆ ಒಂದು ಜೋಕೂ ಇಲ್ಲ. ಮನೆ ಬಣಗುಡುತ್ತಿದೆ.

ಆದರೆ ಒಂದು ಮಾತು ಕೇಳು. ಹದಿನೇಳನೆ ನಂಬರಿನವಳು ನಿನಗೆ ಹದಿನೇಳು. ನನಗೆ ಅವಳು ಜಯಲಕ್ಷ್ಮೀ. ಬ್ಯಾಂಕಿನಲ್ಲಿ ಲಾಕರ್ ನೋಡಿಕೊಳ್ಳುತ್ತಿದ್ದಳಲ್ಲ, ಅವಳೇ. ಜೂನ್ ತಿಂಗಳಿಂದ ಅವಳ ಬಾಯಿಯ ಅಂಗಳ ಉರಿಯುತ್ತಿದೆ. ಸಾರು ಬಾಯಿಗಿಡಲು ಆಗುವುದಿಲ್ಲ, ಬರೀ ಮೊಸರನ್ನ. ನಿನ್ನ ತಮ್ಮ ಹಾಲಿನ ಮಧ್ಯೆ ನಿಂತು "ಉರಿ ಇದೆಯೇ" ಎಂದು ಕೂಗಿದರೆ ಯಾವ ಹೆಂಗಸು ಹೇಳುತ್ತಾಳೆ? ಇದೆ ಎಂದವರನ್ನು ಹೊರಗೆ ತೆಗೆಯುತ್ತಾರಂತೆ ಬೇರೆ. ಎಲ್ಲರೂ ಕೂತಿರುವಾಗ ತನ್ನೊಬ್ಬಳನ್ನೇ ಎಬ್ಬಿಸಿ ಕಳಿಸುತ್ತಾರೆ ಎಂದು ಅವಳು ಹೆದರಿದಳು. ಅಂಥವಳ ಪಾಲಿಗೆ ನೀರು ಬಂದುಬಿಟ್ಟರೆ? ನನ್ನ ಕೈ ಸುಮ್ಮನಿರಲಿಲ್ಲ.

ಕಲಸಿದ್ದರಿಂದ ಉರಿ ಕಡಿಮೆಯಾಯಿತು ಎನ್ನುತ್ತಾಳೆ. ನಿಜವೋ, ನನ್ನ ಸಮಾಧಾನಕ್ಕೆ ಹೇಳುತ್ತಾಳೋ ತಿಳಿಯದು. ಈಗಲೂ ಮೊಸರನ್ನವೇ ತಿನ್ನುತ್ತಿದ್ದಾಳೆ.

ಇಂತು,
ಲೀಲಮ್ಮ

*

ಎಗ್ಮೋರ್
೨೮ ಅಕ್ಟೋಬರ್ ೨೦೨೪

ಅತ್ತೆ,

ನಿಮ್ಮ ಕಾಗದ ಓದಿದ ದಿನವೇ ಜಯಲಕ್ಷ್ಮೀ ಆಂಟಿಗೆ ಫೋನ್ ಮಾಡಿ ಶುಕ್ರವಾರ ನಮ್ಮ ಆಸ್ಪತ್ರೆಗೆ ಕರೆಸಿಕೊಂಡೆ. ಸೆಟ್ಟು ತೆಗೆಸಿ ನೋಡಿದರೆ ಅಂಗಳವೆಲ್ಲ ಕೆಂಡದ ಹಾಗೆ. ಮನೆಯಲ್ಲಿ ಸೊಸೆ ಮೊಮ್ಮಕ್ಕಳು ನೋಡಿಬಿಡುತ್ತಾರೆ ಅಂತ ಮಲಗುವಾಗಲೂ ಸೆಟ್ಟು ತೆಗೆಯುವುದಿಲ್ಲವಂತೆ. ನನಗೆ ರೇಗಿತು. ಅವರ ಮೇಲಲ್ಲ. ಎಂಟು ವಾರ 'ಇಲ್ಲ' ಗುರುತು ನೋಡಿ ನಾನು ಮುಂದಿನ ಸಾಲಿಗೆ ಹೋದೆನಲ್ಲ, ಅದಕ್ಕೆ. ಸರಿಯಾದ ಔಷಧಿ ಕೊಟ್ಟಿದ್ದಾರೆ, ಎರಡು ವಾರದಲ್ಲಿ ವಾಸಿಯಾಗುತ್ತದೆ. ರಾತ್ರಿ ಸೆಟ್ಟು ನೀರಿನ ಬಟ್ಟಲಲ್ಲಿ ಇರಬೇಕು ಅಂತ ಅವರ ಸೊಸೆಗೂ ಹೇಳಿದ್ದೇನೆ.

ಸಮಿತಿಗೆ ನಡೆದದ್ದೆಲ್ಲ ಬರೆದುಕೊಟ್ಟೆ. ಮುರಳೀಧರ ಸರ್ ಓದಿ ತಲೆಯ ಮೇಲೆ ಕೈಹೊತ್ತು ಕೂತರು. "ಎನ್ನಮ್ಮಾ, ಕಲಂದುಟ್ಟಾಂಗಳಾ?" ಅಂದರು. ಕಲಸಿಬಿಟ್ಟರು ಸರ್, ಅಂದೆ. ಹಾಳೆಯನ್ನು ಮತ್ತೊಮ್ಮೆ ಓದಿ, "ಎಲ್ಲರಿಗೂ ಎರಡೂ ಕೊಟ್ಟುಬಿಟ್ಟರೆ?" ಅಂದರು.

ಅಂಥ ವಿಧಾನ ಪುಸ್ತಕದಲ್ಲಿ ಮೊದಲಿಂದಲೂ ಇದೆ ಅತ್ತೆ. ಹೆಚ್ಚು ದಿನ ಹಿಡಿಯುತ್ತದೆ ಅಂತ ನಾನೇ ಬಿಟ್ಟಿದ್ದೆ. ಮೊದಲ ನಾಲ್ಕು ವಾರ ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ನೀರು. ನಡುವೆ ಎರಡು ವಾರ ಯಾರಿಗೂ ಏನೂ ಇಲ್ಲ. ಆಮೇಲೆ ನಾಲ್ಕು ವಾರ ಅದಲು ಬದಲು. ಪಂಕ್ತಿಯಿಂದ ಏಳುವ ಹೊತ್ತಿಗೆ ಎಲ್ಲರ ಎಲೆಗೂ ಎಲ್ಲಾ ಬಡಿಸಿರುತ್ತೇವೆ. ಒಬ್ಬೊಬ್ಬರನ್ನೂ ಅವರವರ ಜೊತೆಗೇ ಹೋಲಿಸುತ್ತೇವೆ. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ? ಇಲ್ಲದಿದ್ದರೆ ಈಗಲೇ, ನನ್ನ ಮುಖಕ್ಕೇ ಹೇಳಿ.

ಔಷಧಿ ತೆಗೆದುಕೊಂಡಿರುವುದರಿಂದ ಜಯಲಕ್ಷ್ಮೀ ಆಂಟಿ ಈ ಸಲ ಮುಕ್ಕಳಿಸುವ ಹಾಗಿಲ್ಲ. ಎದ್ದು ಹೋಗುವ ಹಾಗೂ ಇಲ್ಲ. ಯಾರಿಗೆ ಮೊದಲು ಯಾವುದು ಎಂಬ ಮುಚ್ಚಿದ ಪಟ್ಟಿ, ಬಾಟಲಿ ಕೊಡುವವರ, ಮುಕ್ಕಳಿಸುವವರ, ಎಣಿಸುವವರ ಕೈಗೆ ಸಿಗಬಾರದು. ಅದನ್ನು ಆಂಟಿಯೇ ಇಟ್ಟುಕೊಳ್ಳಲಿ. ಸಮಿತಿ ಒಪ್ಪಬೇಕು. ಕೇಳಿದ್ದೇನೆ.

ಆ ಪ್ರಮೋದನಿಗೆ ಹೇಳಿ, ಐಸ್ ಡಬ್ಬಿ ತೊಳೆದಿಡಲಿ.

ಮಧುರಾ

*

ಕ್ರೋಂಪೇಟೆ
೧೭ ಫೆಬ್ರವರಿ ೨೦೨೫

ಪೂಜ್ಯ ಅಕ್ಕನವರ ಸನ್ನಿಧಾನಕ್ಕೆ,

ವಿಷಯ: ಎರಡನೆ ಸುತ್ತಿನ ಅದಲು ಬದಲು.

ಇಪ್ಪತ್ಮೂರು ಬಾಟಲಿಗಳನ್ನು ಮನೆ ಮನೆಗೆ ನಾನೇ ಮುಟ್ಟಿಸಿದ್ದೇನೆ. ಪಾನಕದ ಪಾತ್ರೆಯನ್ನು ಅತ್ತೆ ತಾವಾಗಿಯೇ ಅಟ್ಟಕ್ಕೆ ಹಾಕಿಸಿ, ಏಣಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಾರೆ. ಉರಿಯ ಪ್ರಶ್ನೆಯನ್ನು ಈಗ ಅತ್ತೆಯೇ ಒಬ್ಬೊಬ್ಬರನ್ನೂ ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ ಕೇಳುತ್ತಾರೆ. ನನಗೆ ಒಳಗೆ ಪ್ರವೇಶವಿಲ್ಲ.

ಇನ್ನು ಪಟ್ಟಿಯ ಸಂಗತಿ. ಜಯಲಕ್ಷ್ಮೀ ಆಂಟಿ ಲಕೋಟೆಗೆ ಅರಗು ಮುದ್ರೆ ಒತ್ತಿ ಬೀರುವಿನಲ್ಲಿಟ್ಟಿದ್ದಾರೆ. ಬೀರುವಿನ ಕೀಲಿ ಸೊಂಟದಲ್ಲಿ. ಪರೀಕ್ಷಿಸೋಣ ಎಂದು, "ಆಂಟಿ, ಅಕ್ಕ ಹೇಳಿದಳು, ಒಂದೇ ಒಂದು ಸಲ ನೋಡಿ ಕೊಡ್ತೀನಿ" ಅಂದೆ. "ಮ್ಯಾನೇಜರ್ ಸಹಿ ಇದೆಯೇನಪ್ಪಾ?" ಅಂದರು. ನಮ್ಮತ್ತೆ, ನಲವತ್ತು ವರ್ಷದ ಗೆಳತಿ, "ನನಗಾದರೂ ಹೇಳೇ" ಅಂದಿದ್ದಕ್ಕೆ, "ನೀನು ಮೊದಲು ಹೋಗೇ ಲೀಲಾ, ಕಲಸೋಳು" ಅಂದರಂತೆ. ಎರಡು ದಿನ ಇಬ್ಬರಿಗೂ ಮಾತಿರಲಿಲ್ಲ. ನಿನ್ನೆ ಭಜನೆ ಮುಗಿದ ಮೇಲೆ ಮೆಣಸಿನ ಸಾರಿನ ನೆಪದಲ್ಲಿ ರಾಜಿಯಾಯಿತು. ಆಂಟಿ ಎರಡು ಲೋಟ ಕುಡಿದರು.

ಅಕ್ಕಾ, ಈ ಸಲ ಹೇಳದೆ ಬಿಟ್ಟಿದ್ದು ಏನೂ ಇಲ್ಲ.

ಇಂತಿ ವಿಧೇಯ,
ಪ್ರಮೋದ್

*

ಎಗ್ಮೋರ್
೭ ಏಪ್ರಿಲ್ ೨೦೨೫

ಲೋ ಪ್ರಮೋದ,

ನೀನು ಹೊಸೂರಿನಲ್ಲಿ ಟ್ರೈನಿಂಗ್ ಅಂತ ಆರಾಮವಾಗಿದ್ದೀಯ. ಇಲ್ಲಿ ನನ್ನ ಪಾಡು ಕೇಳು.

ಎಣಿಕೆ ಮುಗಿಯಿತು, ಪಟ್ಟಿ ಕೊಡಿ ಅಂತ ಮಂಗಳವಾರ ಆಂಟಿಯ ಮನೆಗೆ ಹೋದೆ. ಕೊಡಲಿಲ್ಲ. ಗೈಡಿನ ಪತ್ರ ಬೇಕಂತೆ. ಬುಧವಾರ ಪತ್ರ ಒಯ್ದೆ. ಅದರ ಮೇಲೆ ಸೀಲಿಲ್ಲವಂತೆ! ಪ್ರಬಂಧ ಒಪ್ಪಿಸಲು ಇನ್ನು ನಾಲ್ಕೇ ವಾರ, ಇದೊಂದು ಅಧ್ಯಾಯ ಬಾಕಿ, ಆಂಟಿ ದಯವಿಟ್ಟು ಅಂದೆ. "ನಿನ್ನ ಅವಸರಕ್ಕೆ ಲಾಕರ್ ತೆಗೆಯೋಕಾಗುತ್ತೇನಮ್ಮಾ" ಅಂದು ಬಾಳೆಹಣ್ಣು ಕೊಟ್ಟು ಕಳಿಸಿದರು. ಗುರುವಾರ ಸೀಲು ಹಾಕಿಸಿದೆ. ಶುಕ್ರವಾರ ಸಾಕ್ಷಿ ಯಾರು ಅಂದರು. ಮುರಳೀಧರ ಸರ್‌ಗೆ ಇದನ್ನು ಹೇಳಿದರೆ ಅವರು ರೇಗುತ್ತಾರೆ ಅಂದುಕೊಂಡಿದ್ದೆ. "ಈ ಅಮ್ಮನನ್ನು ನಮ್ಮ ಸಮಿತಿಗೇ ಹಾಕಿಕೊಳ್ಳಬಹುದು" ಅಂದು ಶನಿವಾರ ಬೆಳಿಗ್ಗೆ ಅವರೇ ಕಾರು ತೆಗೆದುಕೊಂಡು ಕ್ರೋಂಪೇಟೆಗೆ ಬಂದರು.

ಅತ್ತೆ ಮನೆಯ ಹಾಲ್‌ನಲ್ಲಿ ಸೇರಿದೆವು. ಎಲ್ಲರೂ ಇದ್ದರು. ಆಂಟಿ ಒಳ್ಳೆ ಸೀರೆ ಉಟ್ಟು ಬಂದಿದ್ದರು. ಅರಗು ಒಡೆದಿಲ್ಲ ಅಂತ ಸರ್‌ಗೆ ತೋರಿಸಿ, ಸಹಿ ಹಾಕಿಸಿಕೊಂಡು, ಹೇರ್‌ಪಿನ್ನಿನಿಂದ ಲಕೋಟೆ ಬಿಡಿಸಿದರು. ಪಟ್ಟಿಯನ್ನು ನನ್ನ ಕೈಗೆ ಕೊಡಿ ಅಂತ ಕೈಚಾಚಿದೆ. ಕೊಡಲಿಲ್ಲ. ಕನ್ನಡಕ ಹಾಕಿಕೊಂಡು ತಾವೇ ಓದಲು ಶುರುಮಾಡಿದರು.

"ಒಂದು. ಮೊದಲು ನೀರು, ಆಮೇಲೆ ಔಷಧಿ. ಎರಡು. ಮೊದಲು ಔಷಧಿ, ಆಮೇಲೆ ನೀರು."

ನನ್ನ ಮಡಿಲಲ್ಲಿ ಎಣಿಕೆಯ ಹಾಳೆ ಇತ್ತು. ಒಂದನೆಯವರಿಗೆ ಮೊದಲ ಸುತ್ತಿನಲ್ಲಿ ನೂರೆಂಬತ್ತು ಚುಕ್ಕೆ, ಎರಡನೆ ಸುತ್ತಿನಲ್ಲಿ ಐವತ್ತೆರಡು. ಎರಡನೆಯವರಿಗೆ ಮೊದಲು ನಲವತ್ತು, ಆಮೇಲೆ ನೂರರವತ್ತು. ಮೂರು, ನಾಲ್ಕು. ಐದನೆಯವರಲ್ಲಿ ಕೈಕೊಟ್ಟಿತು, ಎರಡೂ ಸುತ್ತು ಒಂದೇ. ಆರು. ಏಳು. ಒಂಬತ್ತಕ್ಕೆ ಬರುವಷ್ಟರಲ್ಲಿ ನನಗೆ ಗೊತ್ತಾಗಿತ್ತು ಕಣೋ. ಲೆಕ್ಕ ಹಾಕುವುದೇ ಬೇಡ, ಕಣ್ಣಿಗೇ ಕಾಣುತ್ತಿತ್ತು. ಹಾಳೆ ಕಿತ್ತುಕೊಂಡು ಉಳಿದದ್ದನ್ನು ನೋಡಿಬಿಡೋಣ ಅಂತ ಕೈ ತುರಿಸುತ್ತಿತ್ತು. ಸರ್ ಪಕ್ಕದಿಂದ ಸುಮ್ಮನಿರು ಅಂತ ಕಣ್ಣು ಬಿಟ್ಟರು.

"ಹದಿನೇಳು," ಅಂದು ಆಂಟಿ ನಿಲ್ಲಿಸಿದರು. "ಹದಿನೇಳು ನಾನು. ನನಗೇನಿಲ್ಲ." ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು. "ಹದಿನೆಂಟು. ಮೊದಲು ನೀರು."

ಅದೇ ಬ್ಯಾಂಕಿನ ಧ್ವನಿ, ಅದೇ ನಿಧಾನ. ಒಂದು ನಂಬರನ್ನೂ ಹಾರಿಸಲಿಲ್ಲ. ತಮ್ಮ ನಂಬರು ಬಂದಾಗ ಒಬ್ಬೊಬ್ಬರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಇಪ್ಪತ್ನಾಲ್ಕನ್ನೂ ಓದಿ, ಹಾಳೆ ಮಡಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು:

"ಸರಿಯಾಯ್ತಾ ಮಗು?"

ಆಯ್ತು ಆಂಟಿ ಅಂದೆ. ಎಣಿಕೆಯ ಹಾಳೆಯನ್ನು ಅವರ ಕೈಗೇ ಕೊಟ್ಟೆ.

ಮಧುರಾ